ಫ್ಲೆಚರ್ ಬೀದಿಯ ಕುದುರೆಗಳ ಬಗ್ಗೆ, ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿಜ ಕಣೋ, ಎಲ್ಲಾ ನಿಜ. ನೀನು "ಕಾಂಕ್ರೀಟ್ ಕೌಬಾಯ್" ಸಿನಿಮಾದಲ್ಲಿ ನೋಡಿದ ಹಾಗೇ ಅಮೆರಿಕದಲ್ಲಿ ನಾನಿರುವ ಊರಿನಲ್ಲಿ, ಉತ್ತರ ಫಿಲಡೆಲ್ಫಿಯಾದಲ್ಲಿ, ಫ್ಲೆಚರ್ ಸ್ಟ್ರೀಟ್ ಅಂತ ಒಂದು ಬೀದಿ ಇದೆ, ಅಲ್ಲಿ ಕುದುರೆ ಲಾಯ ಇದೆ, ಕುದುರೆ ಸಾಕುವ ಕಪ್ಪು ಜನ ಇದ್ದಾರೆ. ತೆರೆಯ ಮೇಲೆ ನಟ ಇದ್ರಿಸ್ ಎಲ್ಬಾನ ಪಕ್ಕದಲ್ಲಿ ಕಾಣಿಸುವ ಕೆಲವರು ಕಸುಬಿನಿಂದ ನಟರೇ ಅಲ್ಲ, ಈ ಊರಿನ ಸವಾರರು. "ಅಷ್ಟು ದೊಡ್ಡ ಊರಿನ ನಡುವೆ ಕುದುರೆ ಹೇಗೆ ಉಳಿದವು? ಕಾರ್ಪೊರೇಷನ್ನಿನವರು ಹೇಗೆ ಬಿಟ್ಟರು?" ಅಂತ ಕೇಳಿದ್ದೀಯ. ನಗರ ಯೋಜನೆಯ ಆಫೀಸಿನಲ್ಲಿ ಕೂತು ದಿನಾ ನಕ್ಷೆ ನೋಡುವವನಿಗೆ ಮೊದಲು ಹೊಳೆಯುವ ಪ್ರಶ್ನೆ ಅದು. ವಾಟ್ಸಾಪಿನ ಎರಡು ಸಾಲಿನಲ್ಲಿ ಮುಗಿಸುವುದಕ್ಕೆ ಮನಸ್ಸು ಬರಲಿಲ್ಲ, ಅದಕ್ಕೇ ಪತ್ರ. ನಮ್ಮ ಉಳಿದ ಗೆಳೆಯರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲು ಕುದುರೆಗಳು ಬಂದದ್ದು ಹೇಗೆ ಅನ್ನುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಲಡೆಲ್ಫಿಯಾದ ದಿನನಿತ್ಯದ ಬದುಕು ನಡೆಯುತ್ತಿದ್ದದ್ದೇ ಕುದುರೆಗಳಿಂದ. ಹಾಲು, ಮಂಜುಗಡ್ಡೆ, ಕಲ್ಲಿದ್ದಲು, ತರಕಾರಿ ಗಾಡಿಯಲ್ಲಿ ಮನೆ ಬಾಗಿಲಿಗೆ ಬರುತ್ತಿದ್ದವು, ಗುಜರಿ ಸಾಮಾನು ಗಾಡಿಯಲ್ಲೇ ಹೋಗುತ್ತಿತ್ತು. ಒಂದಕ್ಕೊಂದು ಅಂಟಿಸಿ ಕಟ್ಟಿದ ಇಟ್ಟಿಗೆ ಮನೆಗಳ ನಡುವೆ, ಹಿಂದಿನ ಓಣಿಗಳಲ್ಲಿ ಲಾಯಗಳಿದ್ದವು. ಅದೇ ಕಾಲಕ್ಕೆ ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಗುಳೆ ಎದ್ದು ಉತ್ತರದ ಊರುಗಳಿಗೆ ಬರತೊಡಗಿದರು. ಹತ್ತಿ ಹೊಲದ ಗೇಣಿ, ತೀರದ ಸಾಲ, ಗುಂಪು ಕಟ್ಟಿಕೊಂಡು ಬಂದು ಮರಕ್ಕೆ ನೇತುಹಾಕುವವರ ಭಯ, ಇವುಗಳನ್ನು ಬಿಟ್ಟು ಬಂದವರು. 1910ರಲ್ಲಿ ಈ ಊರಿನಲ್ಲಿ ಸುಮಾರು 84 ಸಾವಿರ ಕಪ್ಪು ಜನರಿದ್ದರು, 1970ರ ಹೊತ್ತಿಗೆ 6.5 ಲಕ್ಷ. ಬಂದವರಲ್ಲಿ ಬಹಳ ಮಂದಿಗೆ ಕಾರ್ಖಾನೆಯ ಕೆಲಸ ಹೊಸತಾಗಿತ್ತು. ಆದರೆ ಕುದುರೆ, ಹೇಸರಗತ್ತೆಗಳ ಜೊತೆ ಹುಟ್ಟಿ ಬೆಳೆದಿದ್ದರು. ಗಾಡಿ ಹೊಡೆಯುವುದು, ಲಾಳ ಕಟ್ಟುವುದು, ಹೊಟ್ಟೆನೋವು ಬಂದ ಕುದುರೆಯನ್ನು ರಾತ್ರಿಯೆಲ್ಲ ಮೆಲ್ಲಗೆ ನಡೆಸಿ ಬದುಕಿಸಿಕೊಳ್ಳುವುದು ಅವರಿಗೆ ಗೊತ್ತಿತ್ತು. ಮೋಟಾರು ಲಾರಿ ಬಂದ ಮೇಲೆ ಊರಿನ ಬಾಕಿ ಜನ ಕುದುರೆ ಮಾರಿದರು, ಇವರಲ್ಲಿ ಕೆಲವರು ಉಳಿಸಿಕೊಂಡರು. ಮೊದಲು ಹೊಟ್ಟೆಪಾಡಿಗೆ ಇದ್ದದ್ದು ಆಮೇಲೆ ಮನಸ್ಸಿಗೆ ಬೇಕಾದದ್ದಾಯಿತು.

ಇಲ್ಲಿಂದ ಎರಡು ಗಂಟೆಯ ದಾರಿಯ ಬಾಲ್ಟಿಮೋರಿನಲ್ಲಿ ಆ ಹಳೆಯ ಕಸುಬು ಇನ್ನೂ ಪೂರ್ತಿ ಹೋಗಿಲ್ಲ. ಕುದುರೆ ಗಾಡಿಯಲ್ಲಿ ಹಣ್ಣು ತರಕಾರಿ ಮಾರುವವರನ್ನು ಅಲ್ಲಿ ಅರಬ್ಬರ್‌ಗಳು ಅನ್ನುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಈ ವ್ಯಾಪಾರ ಹೆಚ್ಚು ಕಡಿಮೆ ಪೂರ್ತಿಯಾಗಿ ಕಪ್ಪು ಜನರ ಕೈಗೆ ಬಂತು. ಒಬ್ಬೊಬ್ಬರದೂ ಒಂದೊಂದು ಧಾಟಿಯ ಕೂಗು, ಕುದುರೆಯ ಕೊರಳಿಗೆ ಗೆಜ್ಜೆ, ಗಾಡಿಗೆ ಕೆಂಪು ಹಳದಿ ಬಣ್ಣ. 1994ರಲ್ಲಿ ಅವರ ಲಾಯಗಳನ್ನು ಉಳಿಸುವುದಕ್ಕೆಂದೇ ಒಂದು ಸಂಘ ಕಟ್ಟಿದರು. ಈಗ ಉಳಿದಿರುವ ಗಾಡಿಗಳು ಬೆರಳೆಣಿಕೆಯಷ್ಟು. ಆದರೂ ತಾಜಾ ತರಕಾರಿಯ ಅಂಗಡಿಯೇ ಇಲ್ಲದ ಬೀದಿಗಳಿಗೆ ಆ ಗಾಡಿಗಳು ಹೋಗುತ್ತವೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಮನೆಯಿಂದ ಹೊರಬರಲಾಗದವರಿಗೆ ಆಹಾರ ಮುಟ್ಟಿಸಿದವರಲ್ಲಿ ಇವರೂ ಇದ್ದರು.

ಇನ್ನು ಕಾರ್ಪೊರೇಷನ್ನಿನ ಮಾತು. ಅದು ಕುದುರೆಗಳನ್ನು ಬಿಟ್ಟಿತು ಅನ್ನುವುದಕ್ಕಿಂತ ಆ ಬೀದಿಗಳನ್ನೇ ಕೈಬಿಟ್ಟಿತ್ತು ಅನ್ನಬೇಕು. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆ ಅಮೆರಿಕದ ದೊಡ್ಡ ನಗರಗಳಿಗೆಲ್ಲ ನಕ್ಷೆ ಮಾಡಿಸಿತು. ಸಾಲಕ್ಕೆ ಯೋಗ್ಯವಾದ ಬಡಾವಣೆಗೆ ಹಸಿರು ಬಣ್ಣ, ಅಪಾಯ ಅನ್ನಿಸಿದ್ದಕ್ಕೆ ಕೆಂಪು. ಕಪ್ಪು ಜನ ವಾಸ ಇದ್ದರೆ ಕೆಂಪು ಬಳಿಯುವುದಕ್ಕೆ ಅದೇ ಸಾಕಾಗುತ್ತಿತ್ತು. ಕೆಂಪು ಬಿದ್ದ ಕಡೆ ಮನೆ ಕೊಳ್ಳುವುದಕ್ಕೆ ಸಾಲವಿಲ್ಲ, ಸೋರುವ ಸೂರು ರಿಪೇರಿ ಮಾಡಿಸುವುದಕ್ಕೂ ಸಾಲವಿಲ್ಲ. 1950ರ ನಂತರ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಬಿಳಿಯರು ಹೊರವಲಯದ ಬಡಾವಣೆಗಳಿಗೆ ಹೋದರು. 1964ರ ಆಗಸ್ಟಿನಲ್ಲಿ ಉತ್ತರ ಫಿಲಡೆಲ್ಫಿಯಾದ ಕೊಲಂಬಿಯಾ ಅವೆನ್ಯೂದಲ್ಲಿ ಮೂರು ದಿನ ಗಲಭೆ ನಡೆದ ಮೇಲೆ ಅಂಗಡಿಗಳೂ ಹೋದವು, ಬಹಳಷ್ಟು ಮತ್ತೆ ತೆರೆಯಲೇ ಇಲ್ಲ. 1950ರಲ್ಲಿ 20.7 ಲಕ್ಷ ಇದ್ದ ಊರಿನ ಜನಸಂಖ್ಯೆ 2000ದ ಹೊತ್ತಿಗೆ 15.2 ಲಕ್ಷಕ್ಕೆ ಇಳಿಯಿತು. ಯಾರೂ ಇಲ್ಲದ ಮನೆಗಳು ಕುಸಿದವು, ಕುಸಿದವನ್ನು ಕಾರ್ಪೊರೇಷನ್ ಕೆಡವಿತು, ಕೆಡವಿದ ನಿವೇಶನಗಳಲ್ಲಿ ಕಸ ಬಿತ್ತು, ಕಸದ ನಡುವೆ ಹುಲ್ಲು ಬೆಳೆಯಿತು.

ಆ ಹುಲ್ಲಿನಲ್ಲಿ ಕುದುರೆಗಳು ಮೇಯ್ದವು. ಜಾಗದಿಂದ ಟೈರು, ಗಾಜು, ಹಳೆಯ ಹಾಸಿಗೆಗಳನ್ನು ಎತ್ತಿ ಹಾಕಿ ಸ್ವಚ್ಛ ಮಾಡಿದವರು ಕುದುರೆಯವರೇ. ಗಾಜಿನ ಚೂರು ಗೊರಸಿಗೆ ಹೊಕ್ಕರೆ ಕುದುರೆ ಹೋದಂತೆಯೇ. ಬೇರೆ ಯಾರಿಗೂ ಬೇಡವಾಗಿದ್ದ ನೆಲವನ್ನು ಗೇಣು ಗೇಣು ನೋಡಿ ಇಟ್ಟುಕೊಂಡವರು ಅವರು ಅನ್ನುವುದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಫ್ಲೆಚರ್ ಬೀದಿ ಇರುವುದು ಸ್ಟ್ರಾಬೆರಿ ಮ್ಯಾನ್ಷನ್ ಅನ್ನುವ ಕೇರಿಯಲ್ಲಿ. ಹೆಸರು ಕೇಳಿ ಹಣ್ಣಿನ ತೋಟ ಅಂದುಕೊಳ್ಳಬೇಡ. ಇಟ್ಟಿಗೆ ಮನೆಗಳ ಸಾಲು, ನಡುನಡುವೆ ಖಾಲಿ ನಿವೇಶನ. ಜಾಝ್ ಸಂಗೀತದ ಜಾನ್ ಕೋಲ್ಟ್ರೇನ್ 1952ರಲ್ಲಿ ಕೊಂಡುಕೊಂಡ ಮನೆ ಇರುವುದೂ ಇದೇ ಕೇರಿಯಲ್ಲಿ, 33ನೆಯ ಬೀದಿಯಲ್ಲಿ. ಆ ಬೀದಿಯನ್ನು ದಾಟಿದರೆ ಫೇರ್‌ಮೌಂಟ್ ಪಾರ್ಕ್, 2 ಸಾವಿರ ಎಕರೆಗೂ ಹೆಚ್ಚಿನ ಮರ, ಹುಲ್ಲು, ನದಿಯ ದಂಡೆ. ಲಾಯ ಇಲ್ಲಿ ಬೇರೂರಿದ್ದಕ್ಕೆ ಈ ಪಾರ್ಕ್ ಒಂದು ದೊಡ್ಡ ಕಾರಣ. ಎಲ್ಲಿಸ್ ಫೆರೆಲ್ ಅನ್ನುವ ಹಿರಿಯರು 2004ರಲ್ಲಿ ಇಲ್ಲಿಯ ಲಾಯವನ್ನು ಫ್ಲೆಚರ್ ಸ್ಟ್ರೀಟ್ ಅರ್ಬನ್ ರೈಡಿಂಗ್ ಕ್ಲಬ್ ಅಂತ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಮಾಡಿದರು. ಅದಕ್ಕೂ ಬಹಳ ಮೊದಲಿನಿಂದ ಈ ಸುತ್ತಿನಲ್ಲಿ ಕುದುರೆಗಳಿದ್ದವು.

ಕುದುರೆಗಳನ್ನು ಎಲ್ಲಿಂದ ತರುತ್ತಾರೆ ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಇಲ್ಲಿಂದ ಪಶ್ಚಿಮಕ್ಕೆ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ನ್ಯೂ ಹಾಲೆಂಡ್ ಅಂತ ಒಂದು ಊರಿದೆ. ಸುತ್ತಲೂ ಹಳೆಯ ರೀತಿಯಲ್ಲೇ ಬದುಕುವ ಆಮಿಷ್ ಎಂಬ ಕ್ರೈಸ್ತ ಪಂಥದವರ ಹೊಲಗಳು. ಅವರು ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆ ಬಂಡಿಯಲ್ಲೇ ಓಡಾಟ. ಅಲ್ಲಿ ಸೋಮವಾರ ಕುದುರೆ ಹರಾಜು. ರೇಸಿನಲ್ಲಿ ಸೋತವು, ಬಂಡಿ ಎಳೆದು ದಣಿದವು, ಕಾಲು ಕುಂಟುವವು ಅಲ್ಲಿಗೆ ಬರುತ್ತವೆ. ಸವಾರಿಗೆ ಯಾರೂ ಕೊಳ್ಳದವನ್ನು ಮಾಂಸದ ವ್ಯಾಪಾರಿಗಳು ಕೊಳ್ಳುತ್ತಾರೆ. ಅಮೆರಿಕದೊಳಗಿನ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದ್ದರಿಂದ ಅವುಗಳನ್ನು ಲಾರಿಗೆ ತುಂಬಿ ಕೆನಡಾಕ್ಕೋ ಮೆಕ್ಸಿಕೋಕ್ಕೋ ಕಳಿಸುತ್ತಾರೆ. ಫಿಲಡೆಲ್ಫಿಯಾದ ಸವಾರರು ಆ ಹರಾಜಿನ ಹಿಂಡಿನಲ್ಲಿ ನಿಂತು ತಮ್ಮ ಕೈಗೆ ಎಟುಕುವ ಬೆಲೆಯ ಕುದುರೆಯನ್ನು ಆರಿಸುತ್ತಾರೆ. ಹಲ್ಲು ನೋಡುತ್ತಾರೆ, ಕಾಲಿನ ಗಂಟು ಒತ್ತಿ ನೋಡುತ್ತಾರೆ, ಕಣ್ಣು ನೋಡುತ್ತಾರೆ. ಕಸಾಯಿಖಾನೆಯ ಲಾರಿ ಹತ್ತಬೇಕಿದ್ದ ಪ್ರಾಣಿ ಆವತ್ತು ರಾತ್ರಿ ಉತ್ತರ ಫಿಲಡೆಲ್ಫಿಯಾದ ಓಣಿಯೊಂದರಲ್ಲಿ ಒಣಹುಲ್ಲು ತಿನ್ನುತ್ತಿರುತ್ತದೆ.

ಅಲ್ಲಿಂದ ಶುರು ನಿಜವಾದ ಕೆಲಸ. 450–500 ಕಿಲೋ ತೂಗುವ ಕುದುರೆಗೆ ದಿನಕ್ಕೆ 9–10 ಕಿಲೋ ಒಣಹುಲ್ಲು, 25ರಿಂದ 40 ಲೀಟರ್ ನೀರು ಬೇಕು. ದಿನಕ್ಕೆ 20 ಕಿಲೋಗೂ ಹೆಚ್ಚು ಲದ್ದಿ ಹಾಕುತ್ತದೆ, ಅದನ್ನು ಎತ್ತಬೇಕು, ಸಾಗಿಸಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿ ಲಾಳ ಬದಲಿಸಬೇಕು. ಡಾಂಬರಿನ ಮೇಲೆ ಬರೀ ಕಬ್ಬಿಣದ ಲಾಳ ಜಾರುತ್ತದೆ, ಹಾಗಾಗಿ ಅದಕ್ಕೆ ಹಿಡಿತ ಬರುವಂತೆ ಗಟ್ಟಿ ಲೋಹದ ಚುಕ್ಕೆಗಳನ್ನು ಬೆಸೆಯುತ್ತಾರೆ. ಜನವರಿಯ ಚಳಿಯಲ್ಲಿ ಇಲ್ಲಿ ನೀರಿನ ತೊಟ್ಟಿ ಕಲ್ಲಾಗುತ್ತದೆ. ಕೆಲಸಕ್ಕೆ ಹೋಗುವ ಮೊದಲು ಯಾರಾದರೂ ಬಂದು ಆ ಮಂಜು ಒಡೆಯಲೇಬೇಕು. ಕ್ರಿಸ್‌ಮಸ್ ಇರಲಿ, ಮನೆಯಲ್ಲಿ ಸಾವಾಗಿರಲಿ, ಬೀದಿಯಲ್ಲಿ ಗುಂಡು ಹಾರಿರಲಿ, ಕುದುರೆಗೆ ಹಸಿವಾಗುವುದು ನಿಲ್ಲುವುದಿಲ್ಲ.

ನನ್ನ ಮಾತು ಇಲ್ಲಿಯೇ ಇದೆ, ಗೆಳೆಯಾ. ಈ ದಿನನಿತ್ಯದ ಚಾಕರಿಯೇ ಆ ಜನರಿಗೂ ಆ ನೆಲಕ್ಕೂ ಗಂಟು ಹಾಕಿದೆ. ಬೈಕನ್ನು ಮನೆಯೊಳಗೆ ನಿಲ್ಲಿಸಿ ಬೀಗ ಹಾಕಬಹುದು. ಕುದುರೆ ಹಾಗಲ್ಲ, ಅದಕ್ಕೆ ಬೀದಿ ಬೇಕು, ನೆರೆಯವರ ಸೈರಣೆ ಬೇಕು, ನೀರಿನ ಕೊಳಾಯಿ ಕೊಡುವ ಯಾರಾದರೂ ಬೇಕು, ಶಾಲೆ ಬಿಟ್ಟ ಮೇಲೆ ಬಂದು ಮೈ ಉಜ್ಜುವ ಮಕ್ಕಳು ಬೇಕು. ಹೀಗೆ ಒಂದು ಪ್ರಾಣಿಯ ಸುತ್ತ ಒಂದು ಕೇರಿಯೇ ಸೇರಿಕೊಳ್ಳುತ್ತದೆ. ನಾನಿರುವ ಕಡೆಯಿಂದ ಸ್ಕೂಲ್‌ಕಿಲ್ ನದಿ ದಾಟಿದರೆ ಆ ಕೇರಿ. ಭಾನುವಾರ ಆ ಕಡೆ ಹೋದಾಗ ಸವಾರರು ಸಾಲಾಗಿ ಪಾರ್ಕಿನ ಕಡೆ ಹೊರಟಿರುವುದನ್ನು ನೋಡುತ್ತೇನೆ. ಕೆಂಪು ದೀಪ ಬಿದ್ದರೆ ನಿಲ್ಲುತ್ತಾರೆ. ಮನೆ ಮುಂದಿನ ಮೆಟ್ಟಿಲ ಮೇಲೆ ಕೂತ ಅಜ್ಜಿಯರು ಹೆಸರು ಹಿಡಿದು ಕೂಗುತ್ತಾರೆ, ಸವಾರನ ಹೆಸರನ್ನೂ ಕುದುರೆಯ ಹೆಸರನ್ನೂ. ಮೂಲೆ ಅಂಗಡಿಯ ಮುಂದೆ ಒಬ್ಬ ಇಳಿದು ಲಗಾಮನ್ನು ಪಕ್ಕದವನ ಕೈಗೆ ಕೊಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಹತ್ತಾರು ಮಕ್ಕಳು ಸೇರಿರುತ್ತಾರೆ. ನನ್ನ ಮನೆಗೆ ನೋಂದಣಿಯಾದ ಪತ್ರ ಇದೆ, ಬ್ಯಾಂಕಿನ ಸಾಲ ಇದೆ, ತೆರಿಗೆ ಕಟ್ಟಿದ ರಸೀದಿ ಇದೆ. ಆದರೆ ನನ್ನ ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕೂಗುವವರು ಇಲ್ಲ. ಅವರ ಹತ್ತಿರ ಆ ಹುಲ್ಲುಗಾವಲಿಗೆ ಒಂದು ತುಂಡು ಕಾಗದವೂ ಇರಲಿಲ್ಲ.

ಕೊನೆಗೆ ಪೆಟ್ಟು ಬಿದ್ದದ್ದೂ ಅಲ್ಲಿಗೇ. ಕೆಲವು ವರ್ಷಗಳ ಹಿಂದೆ ಲಾಯದ ಹತ್ತಿರದ ಆ ದೊಡ್ಡ ಖಾಲಿ ಜಾಗ, ಕುದುರೆಗಳು ಮೇಯುತ್ತಿದ್ದ, ಮಕ್ಕಳು ಸವಾರಿ ಕಲಿಯುತ್ತಿದ್ದ ಜಾಗ, ಕಟ್ಟಡದ ಪಾಲಾಯಿತು. ಕಟ್ಟಲು ಹೊರಟದ್ದು ಶ್ರೀಮಂತರ ಅಪಾರ್ಟ್‌ಮೆಂಟ್ ಆಗಿದ್ದರೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು. ಅದು ವಯಸ್ಸಾದವರಿಗೆ ಕಡಿಮೆ ಬಾಡಿಗೆಯ ಮನೆಗಳ ಯೋಜನೆ. ಆ ಕೇರಿಯ ಮುದುಕರಿಗೂ ಸೂರು ಬೇಕು, ಅದನ್ನು ಯಾರು ಬೇಡ ಅಂತಾರೆ? ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ಅಷ್ಟೊಂದು ನಿವೇಶನ ಪಾಳು ಬಿದ್ದಿರುವ ಊರಿನಲ್ಲಿ ಅಜ್ಜಿಗೆ ಮನೆಯೋ ಮೊಮ್ಮಗನಿಗೆ ಕುದುರೆಯೋ ಅನ್ನುವ ಆಯ್ಕೆ ಯಾಕೆ ಬರಬೇಕಿತ್ತು? ನಕ್ಷೆಯಲ್ಲಿ ಆ ಜಾಗ "ಖಾಲಿ" ಅಂತಿತ್ತು. ದಿನಾ ಸಂಜೆ ಮಕ್ಕಳೂ ಕುದುರೆಗಳೂ ತುಂಬಿರುತ್ತಿದ್ದ ನೆಲಕ್ಕೆ ಕಡತದಲ್ಲಿ ಇದ್ದದ್ದು ಅದೊಂದೇ ಹೆಸರು.

ಕಾನೂನು ಏನು ಹೇಳುತ್ತದೆ ಅಂತ ನೀನು ಕೇಳಿಯೇ ಕೇಳುತ್ತೀಯ. ಪೆನ್ಸಿಲ್ವೇನಿಯಾದಲ್ಲಿ ಬೇರೆಯವರ ಖಾಸಗಿ ಜಮೀನನ್ನು ಬಹಿರಂಗವಾಗಿ, ಎಡೆಬಿಡದೆ 21 ವರ್ಷ ಅನುಭವಿಸಿದರೆ ಹಕ್ಕು ಕೇಳಬಹುದು. ಸರ್ಕಾರದ, ಕಾರ್ಪೊರೇಷನ್ನಿನ ಜಮೀನಿಗೆ ಸಾಮಾನ್ಯವಾಗಿ ಈ ನಿಯಮ ಅನ್ವಯಿಸುವುದಿಲ್ಲ. ಕಾರ್ಪೊರೇಷನ್ ಎಷ್ಟು ದಶಕ ತಿರುಗಿ ನೋಡದಿದ್ದರೂ ಜಮೀನು ಅದರದ್ದೇ. ಊರಿನ ಈ ಭಾಗದಲ್ಲಿ ನೆಲದ ಬೆಲೆ ಏರತೊಡಗಿದಾಗ, ಪಕ್ಕದ ಬ್ರೂವರಿಟೌನಿನಲ್ಲಿ ಹೊಸ ಮನೆಗಳು ಎದ್ದಾಗ, ಅದಕ್ಕೆ ತನ್ನ ಜಮೀನಿನ ನೆನಪಾಯಿತು.

ಹಾಗಾದರೆ ಕಾಗದ ಇದ್ದರೆ ಏನಾಗುತ್ತದೆ? ಅದನ್ನು ನೋಡುವುದಕ್ಕೆ ದೇಶದ ಇನ್ನೊಂದು ತುದಿಗೆ, ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್ನಿಗೆ ಹೋಗಬೇಕು. ವೀನಸ್, ಸೆರೀನಾ ವಿಲಿಯಮ್ಸ್ ಟೆನಿಸ್ ಕಲಿತ ಊರು ಅಂತ ನಿನಗೆ ಗೊತ್ತಿರುತ್ತದೆ, ರ್‍ಯಾಪ್ ಸಂಗೀತ, ಗ್ಯಾಂಗುಗಳ ಹೆಸರಿನಲ್ಲೂ ಕೇಳಿರುತ್ತೀಯ. ಆ ಊರಿನ ಒಳಗೆ ರಿಚ್‌ಲ್ಯಾಂಡ್ ಫಾರ್ಮ್ಸ್ ಅಂತ ಒಂದು ಭಾಗವಿದೆ. ಅಗಲವಾದ ನಿವೇಶನಗಳು, ಹಿತ್ತಿಲಲ್ಲಿ ಕುದುರೆ, ಆಡು, ಕೋಳಿ. 1888ರಲ್ಲಿ ಊರು ನಗರಸಭೆಯಾಗುವಾಗ ಗ್ರಿಫಿತ್ ಡಿಕೆನ್ಸನ್ ಕಾಂಪ್ಟನ್ ತನ್ನ ಜಮೀನು ಬಿಟ್ಟುಕೊಟ್ಟು, ಒಂದಷ್ಟು ಭಾಗ ಬೇಸಾಯಕ್ಕೇ ಮೀಸಲಿರಬೇಕು ಅಂತ ಷರತ್ತು ಹಾಕಿದ. ಅದರಿಂದಾಗಿ ಅಲ್ಲಿ ಇವತ್ತಿಗೂ ಪ್ರಾಣಿ ಸಾಕುವುದು ಕಾನೂನಿನ ಪ್ರಕಾರವೇ ನಡೆಯುತ್ತದೆ. ಆ ಷರತ್ತು ಬರೆದ ಕಾಲಕ್ಕೆ ಅದು ಬಿಳಿಯರ ಊರು. ಕಪ್ಪು ಜನಕ್ಕೆ ಮನೆ ಮಾರಕೂಡದು ಅನ್ನುವ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟು 1948ರಲ್ಲಿ ತೀರ್ಪು ಕೊಟ್ಟ ಮೇಲೆ ಕಪ್ಪು ಕುಟುಂಬಗಳು ಕಾಂಪ್ಟನ್ನಿಗೆ ಬರಲು ಸಾಧ್ಯವಾಯಿತು. ದಕ್ಷಿಣದಿಂದ ಬಂದವರಿಗೆ ಹಿತ್ತಿಲಲ್ಲಿ ಕುದುರೆ ಕಟ್ಟುವ ಜಾಗ ಸಿಕ್ಕರೆ ಬಿಡುತ್ತಾರೆಯೇ?

ಅಲ್ಲಿ ಮೈಶಾ ಅಕ್ಬರ್ ಅನ್ನುವ ಮಹಿಳೆ 1988ರಲ್ಲಿ ಕಾಂಪ್ಟನ್ ಜೂನಿಯರ್ ಪಾಸಿ ಶುರು ಮಾಡಿದರು. ಕೇರಿಯ ಮಕ್ಕಳನ್ನು ಗ್ಯಾಂಗುಗಳ ಕೈಗೆ ಸಿಗದ ಹಾಗೆ ಕುದುರೆಯ ಜೊತೆ ಬೆಳೆಸುವ ಕೆಲಸ. ಆ ಮಕ್ಕಳಲ್ಲಿ ಕೆಲವರು ದೊಡ್ಡವರಾಗಿ ಕಾಂಪ್ಟನ್ ಕೌಬಾಯ್ಸ್ ಅಂತ ಗುಂಪು ಕಟ್ಟಿಕೊಂಡರು. ಮೈಶಾ ಅವರ ಸಂಬಂಧಿ ರ್‍ಯಾಂಡಿ ಹುಕ್ ಈಗ ಅದರ ಮುಂದಾಳು. ಬೀದಿ ನಮ್ಮನ್ನು ಬೆಳೆಸಿತು, ಕುದುರೆ ನಮ್ಮನ್ನು ಉಳಿಸಿತು, ಇದು ಅವರ ಘೋಷಣೆ. ಹುಲ್ಲಿನ ಬೆಲೆಗೂ ಪಶುವೈದ್ಯರ ಬಿಲ್ಲಿಗೂ ಅವರೂ ಒದ್ದಾಡುತ್ತಾರೆ. ಆದರೆ ನಾಳೆ ಬೆಳಿಗ್ಗೆ ಯಾರಾದರೂ ಬಂದು ಇಲ್ಲಿ ಕುದುರೆ ಕಟ್ಟುವ ಹಾಗಿಲ್ಲ ಅಂದಾರು ಎಂಬ ಭಯ ಫ್ಲೆಚರ್ ಬೀದಿಯವರಿಗೆ ಇರುವಷ್ಟು ಅವರಿಗಿಲ್ಲ. ಪ್ರೀತಿಯಲ್ಲಿ, ಹಟದಲ್ಲಿ, ಮಕ್ಕಳ ಮೇಲಿನ ಕಾಳಜಿಯಲ್ಲಿ ಎರಡು ಊರಿನವರಿಗೂ ವ್ಯತ್ಯಾಸ ನನಗೆ ಕಾಣುವುದಿಲ್ಲ. ವ್ಯತ್ಯಾಸ ಇರುವುದು 1888ರ ಆ ಷರತ್ತಿನಲ್ಲಿ.

ನ್ಯೂಯಾರ್ಕಿನದು ಇವೆರಡರ ನಡುವಿನ ಕಥೆ. 1994ರಲ್ಲಿ ಹುಟ್ಟಿದ ಫೆಡರೇಷನ್ ಆಫ್ ಬ್ಲ್ಯಾಕ್ ಕೌಬಾಯ್ಸ್ ಕ್ವೀನ್ಸಿನ ಸೀಡರ್ ಲೇನ್ ಲಾಯವನ್ನು ಪಾರ್ಕುಗಳ ಇಲಾಖೆಯ ಪರವಾನಗಿಯ ಮೇಲೆ ನಡೆಸುತ್ತಿತ್ತು. ಬ್ರೂಕ್ಲಿನ್ನಿನ, ಕ್ವೀನ್ಸಿನ ಶಾಲೆ ಮಕ್ಕಳು ಮೊದಲ ಸಲ ಕುದುರೆ ಮುಟ್ಟಿದ್ದು ಅಲ್ಲಿ. 2016ರಲ್ಲಿ ಆ ಪರವಾನಗಿ ಕೈತಪ್ಪಿತು. ಕುದುರೆಗಳ ಆರೈಕೆ ಸರಿಯಿಲ್ಲ, ಲಾಯದ ಸ್ಥಿತಿ ಚೆನ್ನಾಗಿಲ್ಲ ಅನ್ನುವ ದೂರುಗಳಿದ್ದವು, ಅದನ್ನು ಮುಚ್ಚಿಡುವುದು ಸರಿಯಲ್ಲ. ಫಿಲಡೆಲ್ಫಿಯಾದ ಲಾಯಗಳ ಮೇಲೂ ಇಂಥ ದೂರುಗಳು ಬಂದಿವೆ. ಪ್ರಾಣಿ ನರಳುವ ಕಡೆ ಅಧಿಕಾರಿಗಳು ಬರಲೇಬೇಕು. ಆದರೆ ಬಂದ ಅಧಿಕಾರಿ ಸೂರು ಸೋರುವುದನ್ನು ನೋಡಿದ ಮೇಲೆ ಸೂರಿಗೆ ತಗಡು ಹಾಕಿಸಲೂಬಹುದು, ಜನರನ್ನು ಹೊರಗೆ ಕಳಿಸಲೂಬಹುದು. ಬಡವರ ಲಾಯಗಳ ವಿಷಯದಲ್ಲಿ ಎರಡನೆಯದೇ ಬೇಗ ನಡೆಯುತ್ತದೆ.

ಕಪ್ಪು ಕೌಬಾಯ್ ಅನ್ನುವುದೇ ವಿಚಿತ್ರವಾಗಿ ಕೇಳುತ್ತದೆ ಅಂತ ಬರೆದಿದ್ದೀಯ. ನಾವು ಹುಡುಗರಾಗಿದ್ದಾಗ ಮೈಸೂರಿನ ಟಾಕೀಸುಗಳಲ್ಲಿ ನೋಡಿದ ಇಂಗ್ಲಿಷ್ ಸಿನಿಮಾಗಳ ಕೌಬಾಯ್‌ಗಳೆಲ್ಲ ಬಿಳಿಯರೇ, ಹಾಗಾಗಿ ಸಹಜ. ಅಂತರ್ಯುದ್ಧದ ನಂತರ ಟೆಕ್ಸಾಸಿನಿಂದ ದನದ ಮಂದೆ ಹೊಡೆದುಕೊಂಡು ಹೋದವರಲ್ಲಿ ನಾಲ್ವರಲ್ಲಿ ಒಬ್ಬ ಕಪ್ಪು ವರ್ಣೀಯ ಅನ್ನುವುದು ಇತಿಹಾಸಕಾರರ ಅಂದಾಜು. 1875ರಲ್ಲಿ ನಡೆದ ಮೊಟ್ಟಮೊದಲ ಕೆಂಟಕಿ ಡರ್ಬಿ ಕುದುರೆ ರೇಸು ಗೆದ್ದ ಜಾಕಿ ಆಲಿವರ್ ಲೂಯಿಸ್ ಕಪ್ಪು ವರ್ಣೀಯ, ಆ ದಿನ ಓಡಿದ 15 ಜಾಕಿಗಳಲ್ಲಿ 13 ಮಂದಿ ಕಪ್ಪು ಜನರೇ. ಮೊದಲ 28 ಡರ್ಬಿಗಳಲ್ಲಿ 15ನ್ನು ಅವರೇ ಗೆದ್ದರು. ಜಿಮ್ಮಿ ವಿಂಕ್‌ಫೀಲ್ಡ್ 1901, 1902ರಲ್ಲಿ ಗೆದ್ದದ್ದೇ ಕೊನೆ, ಆಮೇಲೆ ಅವರನ್ನು ಟ್ರ್ಯಾಕಿನಿಂದಲೇ ದೂರ ತಳ್ಳಲಾಯಿತು. ಫಿಲಡೆಲ್ಫಿಯಾದ ಹುಡುಗ ಕುದುರೆ ಹತ್ತಿದಾಗ ನೋಡುವವರು ಬೆರಗಾಗುತ್ತಾರೆ, ಅವನ ಮುತ್ತಜ್ಜನ ಕಾಲಕ್ಕೆ ಅದು ದಿನದ ಕೆಲಸವಾಗಿತ್ತು.

ಒಂದು ವಿಷಯ ಬರೆಯುವಾಗ ಈಗಲೂ ಎದೆ ಭಾರವಾಗುತ್ತದೆ. 2019ರ ಆಗಸ್ಟಿನಲ್ಲಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನಲ್ಲಿ ಕುದುರೆ ಏರಿದ ಇಬ್ಬರು ಬಿಳಿಯ ಪೊಲೀಸರು ಒಬ್ಬ ಕಪ್ಪು ಮನುಷ್ಯನಿಗೆ ಬೇಡಿ ತೊಡಿಸಿ, ಹಗ್ಗ ಕಟ್ಟಿ, ಕುದುರೆಗಳ ನಡುವೆ ನಡೆಸಿಕೊಂಡು ಹೋದರು. ಆ ಚಿತ್ರ ಇಡೀ ದೇಶ ನೋಡಿತು. ಗುಲಾಮರನ್ನು ಹಗ್ಗ ಕಟ್ಟಿ ಕರೆದೊಯ್ಯುತ್ತಿದ್ದ ಕಾಲ ಇಲ್ಲಿಯ ಕಪ್ಪು ಜನರ ಮನೆಮಾತಿನಲ್ಲಿ ಇನ್ನೂ ಹಸಿಯಾಗಿದೆ. ಒಂದು ವರ್ಷವೂ ಕಳೆದಿರಲಿಲ್ಲ, 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್‌ನನ್ನು ಪೊಲೀಸರು ಕೊಂದರು. ನಾಲ್ಕು ದಿನಕ್ಕೆ ಓಕ್‌ಲ್ಯಾಂಡಿನ ಪ್ರತಿಭಟನೆಗೆ ಬ್ರಿಯಾನಾ ನೋಬಲ್ ಎಂಬಾಕೆ ಡ್ಯಾಪರ್ ಡ್ಯಾನ್ ಅನ್ನುವ ತನ್ನ ಎತ್ತರದ ಕುದುರೆಯ ಮೇಲೆ ಮುಷ್ಟಿ ಎತ್ತಿ ಬಂದರು. ಜೂನ್ 2ರಂದು ಫ್ಲಾಯ್ಡ್ ಬೆಳೆದ ಹ್ಯೂಸ್ಟನ್ನಿನಲ್ಲಿ ನಾನ್‌ಸ್ಟಾಪ್ ರೈಡರ್ಸ್ ಗುಂಪಿನ ಸವಾರರು ಮೆರವಣಿಗೆಯಲ್ಲಿ ಸೇರಿದರು. ಜೂನ್ 7ರಂದು ಕಾಂಪ್ಟನ್ನಿನ ಬೀದಿಗಳಲ್ಲಿ ಶಾಂತಿ ಸವಾರಿ. ಗುಂಪನ್ನು ಹತ್ತಿಕ್ಕುವುದಕ್ಕೆ ಕುದುರೆ ಬರುವುದನ್ನೇ ನೋಡಿದ್ದ ಜನ, ತಮ್ಮವರೇ ಜೀನಿನ ಮೇಲೆ ಕೂತು ತಮ್ಮ ಜೊತೆಗೆ ಬರುವುದನ್ನು ಆ ದಿನ ನೋಡಿದರು. ಹ್ಯೂಸ್ಟನ್ನಿನ ವಿಡಿಯೋ ನಾನು ಎಷ್ಟೋ ಸಲ ನೋಡಿದ್ದೇನೆ. ಟಪಟಪ ಗೊರಸಿನ ಸದ್ದು ಬರುತ್ತಿದ್ದ ಹಾಗೆ ಜನ ದಾರಿ ಬಿಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಕೈ ಚಾಚಿ ಕುದುರೆಯ ಕತ್ತು ಮುಟ್ಟುತ್ತಾರೆ. ಈ ರಸ್ತೆ ನಮ್ಮದೂ ಹೌದು ಅನ್ನುವುದನ್ನು ಅಷ್ಟು ಸ್ಪಷ್ಟವಾಗಿ ಹೇಳಿದ ದೃಶ್ಯವನ್ನು ನಾನು ಬೇರೆ ಕಂಡಿಲ್ಲ.

ಊರು ಮನಸ್ಸು ಮಾಡಿದರೆ ಜಾಗ ಸಿಗುತ್ತದೆ ಅನ್ನುವುದಕ್ಕೆ ಉದಾಹರಣೆಯೂ ಇದೇ ಫಿಲಡೆಲ್ಫಿಯಾದಲ್ಲಿದೆ. ಫೇರ್‌ಮೌಂಟ್ ಪಾರ್ಕಿನ ಪಶ್ಚಿಮ ಭಾಗದಲ್ಲಿ, ಊರಿಗೇ ಸೇರಿದ ನೆಲದಲ್ಲಿ ಷಮೊನಿ ಲಾಯವಿದೆ. ಅಲ್ಲಿ ಲೆಸ್ಲಿ ಹೈನರ್ 1994ರಲ್ಲಿ ವರ್ಕ್ ಟು ರೈಡ್ ಅನ್ನುವ ಸಂಸ್ಥೆ ಶುರು ಮಾಡಿದರು. ಬಡ ಕೇರಿಗಳ ಮಕ್ಕಳು ಬಂದು ಲಾಯದ ಕೆಲಸ ಮಾಡಬೇಕು, ಶಾಲೆಯಲ್ಲಿ ಅಂಕ ಉಳಿಸಿಕೊಳ್ಳಬೇಕು, ಬದಲಿಗೆ ಸವಾರಿ ಕಲಿಯಬಹುದು. 2011ರಲ್ಲಿ ಅಲ್ಲಿಯ ಹುಡುಗರು, ಕರೀಮ್ ರಾಸರ್ ಮತ್ತು ಜೊತೆಗಾರರು, ಪ್ರೌಢಶಾಲೆಗಳ ರಾಷ್ಟ್ರೀಯ ಪೋಲೋ ಪ್ರಶಸ್ತಿ ಗೆದ್ದರು. ಪೂರ್ತಿ ಕಪ್ಪು ಆಟಗಾರರ ತಂಡವೊಂದು ಅದನ್ನು ಗೆದ್ದದ್ದು ಅದೇ ಮೊದಲು. ಪೋಲೋ ಅಂದರೆ ಇಲ್ಲಿಯೂ ಶ್ರೀಮಂತರ ಆಟವೇ, ನಮ್ಮ ಅರಸು ಮನೆತನಗಳಲ್ಲಿ ಇದ್ದ ಹಾಗೆ. ಆ ಮಕ್ಕಳಿಗೆ ಭದ್ರವಾದ ಲಾಯ, ಮೈದಾನ, ಪಾರ್ಕಿನ ಒಪ್ಪಿಗೆ ಇದ್ದದ್ದರಿಂದ ಅದು ಆಯಿತು. ನದಿಯ ಆಚೆ ದಂಡೆಯ ಫ್ಲೆಚರ್ ಬೀದಿಯ ಮಕ್ಕಳಿಗೂ ಅಂಥದ್ದೊಂದು ಒಪ್ಪಿಗೆ, ಬರಹದಲ್ಲಿ, ದೀರ್ಘಾವಧಿಗೆ ಸಿಗಬೇಕು ಅನ್ನುವುದು ನನ್ನ ಆಸೆ.

ನಿನ್ನ ಮಗಳು ಹುಡುಗಿಯರೂ ಇದ್ದಾರಾ ಅಂತ ಕೇಳಿದ್ದಾಳಲ್ಲ, ಇದ್ದಾರೆ ಅಂತ ಹೇಳು. ಫ್ಲೆಚರ್ ಬೀದಿಯ ಲಾಯದಲ್ಲಿ ಮಗುವಾಗಿದ್ದಾಗಲೇ ಕುದುರೆ ಹತ್ತಿದ ಎರಿನ್ ಬ್ರೌನ್ ಈಗ ಫಿಲಡೆಲ್ಫಿಯಾ ಅರ್ಬನ್ ರೈಡಿಂಗ್ ಅಕಾಡೆಮಿಯನ್ನು ಮುನ್ನಡೆಸುತ್ತಾರೆ. ಈ ಊರಿನ ಸವಾರರಿಗೆ ಶಾಶ್ವತವಾದ ಒಂದು ಜಾಗ ಬೇಕು ಅಂತ ಎಲ್ಲರಿಗಿಂತ ಗಟ್ಟಿಯಾಗಿ ಕೇಳುತ್ತಿರುವವರಲ್ಲಿ ಅವರೊಬ್ಬರು. ಓಕ್‌ಲ್ಯಾಂಡಿನ ಬ್ರಿಯಾನಾ, ಕಾಂಪ್ಟನ್ನಿನ ಮೈಶಾ ಅವರ ವಿಷಯ ಮೇಲೆಯೇ ಬರೆದೆ. ಬಂದ ಮೊದಲ ದಿನವೇ ಕುದುರೆ ಹತ್ತಿಸುತ್ತಾರೆ ಅಂದುಕೊಳ್ಳದಿರಲಿ. ಮೊದಲು ಲದ್ದಿ ಎತ್ತುವುದು, ಆಮೇಲೆ ನೀರು ಹೊರುವುದು, ಮೈ ಉಜ್ಜುವುದು, ಗೊರಸಿನಲ್ಲಿ ಸಿಕ್ಕಿಕೊಂಡ ಕಲ್ಲು ತೆಗೆಯುವುದು, ಅದೆಲ್ಲ ಕೈಗೆ ಹತ್ತಿದ ಮೇಲೆ ಜೀನು.

ನಿನ್ನಿಂದ ಒಂದು ಕೆಲಸ ಆಗಬೇಕು. ಮೈಸೂರಿನಲ್ಲಿ ಟಾಂಗಾದವರು ಗಾಡಿ ನಿಲ್ಲಿಸುವ, ಕುದುರೆ ಕಟ್ಟುವ ಜಾಗಗಳಿವೆಯಲ್ಲ, ಅವು ನಿಮ್ಮ ಆಫೀಸಿನ ನಕ್ಷೆಯಲ್ಲಿ ಯಾವ ಬಣ್ಣದಲ್ಲಿವೆ, ಯಾರ ಹೆಸರಿನಲ್ಲಿವೆ ಅಂತ ಸ್ವಲ್ಪ ಕಡತ ತೆಗೆಸಿ ನೋಡಿ ಬರೆ. ಮನೆಯಲ್ಲಿ ಎಲ್ಲರಿಗೂ ನೆನಪು ಹೇಳು.

ನಿನ್ನ ಗೆಳೆಯ